ಗುಂಡಿಗೂ ಒಬ್ಬ ಒಡೆಯನಿದ್ದಾನೆ

ಮಾನ್ಯ ಸಂಪಾದಕರೇ,

ರಸ್ತೆಗುಂಡಿ ತಪ್ಪಿಸಲು ಹೋಗಿ ಬಿದ್ದ ಸ್ಕೂಟರ್ ಸವಾರೆ ಲಾರಿ ಚಕ್ರಕ್ಕೆ ಸಿಕ್ಕಿ ಸತ್ತ ಸುದ್ದಿಯನ್ನು ನೀವೇ ಪ್ರಕಟಿಸಿದ್ದೀರಿ, ಮತ್ತೆ ವಿವರಿಸುವುದಿಲ್ಲ. ನನ್ನನ್ನು ಚುಚ್ಚಿದ್ದು ವರದಿಯ ಕೊನೆಯ ಸಾಲು. ಎಫ್‌ಐಆರ್‌ನಲ್ಲಿ ಲಾರಿ ಚಾಲಕನೊಬ್ಬನೇ ಆರೋಪಿ. ಆ ರಸ್ತೆ ಯಾರ ಸುಪರ್ದಿಯಲ್ಲಿದೆ, ಡಾಂಬರು ಹಾಕಿದ ಗುತ್ತಿಗೆದಾರ ಯಾರು, ಬಿಲ್ಲಿಗೆ ಸಹಿ ಹಾಕಿದ ಎಂಜಿನಿಯರ್ ಯಾರು ಎಂಬುದರ ಸುಳಿವೇ ಇಲ್ಲ.

ನಮ್ಮ ಕಾನೂನು ಇಷ್ಟು ಕುರುಡಲ್ಲ. ದೆಹಲಿಯ ಚಾಂದನಿ ಚೌಕದ ಗಡಿಯಾರ ಗೋಪುರ ಕುಸಿದು ಜನ ಸತ್ತಾಗ ಸುಪ್ರೀಂ ಕೋರ್ಟ್ 1966ರಲ್ಲೇ ಅಲ್ಲಿನ ಪಾಲಿಕೆಯನ್ನು ಹೊಣೆಯಾಗಿಸಿತು. ಗೋಪುರದ ದೋಷ ಹೊರಗೆ ಕಾಣುತ್ತಿತ್ತೋ ಒಳಗೆ ಅಡಗಿತ್ತೋ ಎಂಬುದು ಮುಖ್ಯವಲ್ಲ, ಅದನ್ನು ನೋಡಿಕೊಳ್ಳಬೇಕಾದವರೇ ನಷ್ಟ ಕಟ್ಟಿಕೊಡಬೇಕು ಎಂದಿತು. 2002ರಲ್ಲಿ ಮಧ್ಯಪ್ರದೇಶ ವಿದ್ಯುತ್ ಮಂಡಳಿಯ ಪ್ರಕರಣ ಬಂತು. ನೀರು ನಿಂತ ರಸ್ತೆಯಲ್ಲಿ ಬಿದ್ದಿದ್ದ ವಿದ್ಯುತ್ ತಂತಿ ಕಾಣದೆ ಸೈಕಲ್ ಸವಾರನೊಬ್ಬ ಸತ್ತಿದ್ದ. ಯಾರೋ ವಿದ್ಯುತ್ ಕದಿಯಲು ಎಳೆದ ತಂತಿ ಅದು ಎಂಬ ಮಂಡಳಿಯ ವಾದ ನಿಲ್ಲಲಿಲ್ಲ. ಅಪಾಯದ ವಸ್ತುವನ್ನು ಹರಿಸುವವರು, ನಿರ್ಲಕ್ಷ್ಯ ಸಾಬೀತಾಗದಿದ್ದರೂ ಹೊಣೆಗಾರರು ಎಂಬುದೇ ತೀರ್ಪು. ಅದೇ ನೀರಿನಡಿ ತಂತಿಯ ಬದಲು ಮೊಣಕಾಲುದ್ದದ ಗುಂಡಿಯಿದ್ದರೆ? ಆಗ ಸತ್ತವರ ಮನೆಯವರೇ ಸಾಕ್ಷ್ಯ ಹುಡುಕುತ್ತಾ ಸಿವಿಲ್ ಕೋರ್ಟಿಗೆ ವರ್ಷಗಟ್ಟಲೆ ಅಲೆಯಬೇಕು. ವಿದ್ಯುತ್ತಿನ ಸ್ವಭಾವ ಬೇರೆ, ಒಪ್ಪುತ್ತೇನೆ. ಆದರೆ ಕಾಣದ ಗುಂಡಿಯ ಮುಂದೆ ಸವಾರ ಅಷ್ಟೇ ಅಸಹಾಯಕ. 2013ರಿಂದ 2017ರವರೆಗೆ ದೇಶದಲ್ಲಿ ಗುಂಡಿಗಳಿಂದ ಸತ್ತವರು 14,926 ಮಂದಿ ಎಂಬ ಲೆಕ್ಕ ಸುಪ್ರೀಂ ಕೋರ್ಟಿನ ಮುಂದೆಯೇ ಬಂದಿತ್ತು.

ಸವಾರ ವೇಗವಾಗಿ ಹೋಗುತ್ತಿದ್ದ, ಹೆಲ್ಮೆಟ್ ಇರಲಿಲ್ಲ ಎನ್ನುತ್ತಾರೆ. ಇರಬಹುದು. ಸವಾರನ ಪಾಲಿನ ತಪ್ಪಿಗೆ ತಕ್ಕಷ್ಟು ಪರಿಹಾರ ಕಡಿಮೆಯಾಗಬಹುದೇ ಹೊರತು ರಸ್ತೆಯ ಒಡೆಯನ ಹೊಣೆ ಅಳಿಸಿಹೋಗುವುದಿಲ್ಲ. ಪರಿಹಾರ ಕೊಟ್ಟರೆ ತೆರಿಗೆದಾರರ ಹಣವೇ ಹೋಗುತ್ತದೆ ಎಂಬುದು ಇನ್ನೊಂದು ಆಕ್ಷೇಪ. ಕಾಮಗಾರಿಯ ದೋಷಕ್ಕೆ ಇಂತಿಷ್ಟು ವರ್ಷ ಗುತ್ತಿಗೆದಾರನೇ ಜವಾಬ್ದಾರ ಎಂಬ ಷರತ್ತು ಗುತ್ತಿಗೆಯಲ್ಲೇ ಇರುತ್ತದೆ; ಅವನಿಂದ ವಸೂಲು ಮಾಡಲಿ. ವಸೂಲು ಮಾಡುವ ಮನಸ್ಸಿಲ್ಲದವರು ತೆರಿಗೆದಾರರ ಹೆಸರು ಹೇಳಬಾರದು.

ಇನ್ನೊಂದು ಸಂಕಟವನ್ನೂ ಹೇಳಿಬಿಡುತ್ತೇನೆ. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ 198ಎ ಕಲಂ ಸೇರಿತು. ಕಳಪೆ ರಸ್ತೆಯಿಂದ ಸಾವು ಅಥವಾ ಅಂಗವೈಕಲ್ಯ ಸಂಭವಿಸಿದರೆ ಪ್ರಾಧಿಕಾರಕ್ಕೆ, ಗುತ್ತಿಗೆದಾರನಿಗೆ ದಂಡ. ಎಷ್ಟು? ಹೆಚ್ಚೆಂದರೆ ಒಂದು ಲಕ್ಷ ರೂಪಾಯಿ. ಅದೂ ಸೇರುವುದು ಸರ್ಕಾರದ ನಿಧಿಗೆ. ಅನಾಥವಾದ ಮನೆಗೆ ಆ ದಂಡದಲ್ಲಿ ನೇರವಾಗಿ ಒಂದು ಪೈಸೆಯೂ ಬರುವುದಿಲ್ಲ. ಸಂಸತ್ತು ಒಂದು ಜೀವಕ್ಕೆ ಕಟ್ಟಿದ ಬೆಲೆ ಇದು ಎಂದು ನೆನೆದರೆ ನಾಗರಿಕನಾಗಿ ನನಗೆ ನಾಚಿಕೆಯಾಗುತ್ತದೆ.

ಬಾಂಬೆ ಹೈಕೋರ್ಟ್ 2025ರ ಅಕ್ಟೋಬರಿನಲ್ಲಿ ಗುಂಡಿಯಿಂದಾದ ಸಾವಿಗೆ ಆರು ಲಕ್ಷ, ಗಾಯಕ್ಕೆ 50 ಸಾವಿರದಿಂದ ಎರಡೂವರೆ ಲಕ್ಷ ರೂಪಾಯಿ ಎಂದು ಗೊತ್ತುಮಾಡಿತು. ನಮ್ಮ ಹೈಕೋರ್ಟ್ ಅದಕ್ಕೂ ಆರು ವರ್ಷ ಮೊದಲೇ, 2019ರಲ್ಲಿ, ಯೋಗ್ಯ ಸ್ಥಿತಿಯ ರಸ್ತೆ ಸಂವಿಧಾನದ 21ನೇ ವಿಧಿಯ ಹಕ್ಕಿನ ಭಾಗ ಎಂದಿತ್ತು, ಗುಂಡಿಯಿಂದ ನೊಂದವರು ಪರಿಹಾರ ಕೇಳಲು ವ್ಯವಸ್ಥೆ ಮಾಡಿ ಎಂದು ಬಿಬಿಎಂಪಿಗೆ ಆದೇಶಿಸಿತ್ತು. ದೇಶಕ್ಕೆ ಮೊದಲು ದಾರಿ ತೋರಿಸಬಹುದಾಗಿದ್ದ ಊರು ನಮ್ಮದು. ಈಗ ಬಿಬಿಎಂಪಿ ಹೋಗಿ ಐದು ಪಾಲಿಕೆಗಳಾಗಿವೆ. ಗುಂಡಿಗೆ ಬಿದ್ದವರು ಯಾವ ಕಚೇರಿಯಲ್ಲಿ, ಯಾವ ಅಧಿಕಾರಿಯ ಕೈಗೆ ಅರ್ಜಿ ಕೊಡಬೇಕು, ಎಷ್ಟು ದಿನದಲ್ಲಿ ಉತ್ತರ ಬರುತ್ತದೆ ಎಂಬುದನ್ನು ಐದೂ ಪಾಲಿಕೆಗಳ ಆಯುಕ್ತರು ನಿಮ್ಮ ಪತ್ರಿಕೆಯ ಇದೇ ಪುಟದಲ್ಲಿ ತಿಳಿಸಲಿ.

ಇತಿ,
ಓದುಗ, ಬೆಂಗಳೂರು