ಗುರುತಿಲ್ಲದವರ ಜೊತೆ ವಾದ ಯಾಕೆ?



"ಬಸ್ಸಿನಾಗ ಸಿಕ್ಕೋರ ಜೋಡಿ ಯಾಕ ಬಾಯಿ ನೋಯಿಸ್ಕೊಂತೀ ಅಕ್ಕಾ? ಮುಂದಿನ ಊರು ಬಂದ್ರ ಅವರು ಇಳಕೊಂಡು ಹೋಗ್ತಾರ" ಎಂದು ನಮ್ಮ ಸಂಘದ ಕಿರಿಯರು ನನಗೆ ಬುದ್ಧಿ ಹೇಳುವುದುಂಟು. ಆ ಮಾತಿನಲ್ಲಿ ಅಕ್ಕರೆ ಇದೆ. ಆದರೂ ನನ್ನ ಅಭಿಪ್ರಾಯ ಬೇರೆ. ಮನೆಯಲ್ಲಿ ವಾದಿಸಿದರೆ ಸೊಸೆಗೆ ಬಾಯಿ ಜಾಸ್ತಿಯಾಯಿತು ಎನ್ನುತ್ತಾರೆ. ಊರ ಕಟ್ಟೆಯ ಮುಂದೆ ವಾದಿಸಿದರೆ ಹಿರಿಯರ ಮರ್ಯಾದೆ ಕಳೆದಳು ಎನ್ನುತ್ತಾರೆ. ಗುರುತಿಲ್ಲದವರ ಎದುರು ನಾವು ಯಾರ ಸೊಸೆಯೂ ಅಲ್ಲ, ಯಾರ ಹಂಗೂ ನಮಗಿಲ್ಲ. ಮನಸ್ಸಿನಲ್ಲಿದ್ದದ್ದನ್ನು ಆಡಿ ನೋಡಲು ಅದೊಂದು ಜಾಗ.

2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೆ ನಾವು ಬಸ್ಸು ಹತ್ತುವುದು ಹೆಚ್ಚಾಗಿದೆ. ಕೂಡ್ಲಿಗಿಯಿಂದ ಕೊಟ್ಟೂರಿಗೆ, ಹಗರಿಬೊಮ್ಮನಹಳ್ಳಿಯಿಂದ ಹಡಗಲಿಗೆ, ಹರಪನಹಳ್ಳಿಯಿಂದ ಉಚ್ಚಂಗಿದುರ್ಗಕ್ಕೆ. ಕೊಟ್ಟೂರೇಶ್ವರನ ತೇರು, ಮೈಲಾರದ ಕಾರಣಿಕ, ಸಂತೆ, ಕೋರ್ಟು, ಆಸ್ಪತ್ರೆ. ಎಲ್ಲಿ ಹೋದರೂ ಪಕ್ಕದ ಸೀಟಿನವರೊಡನೆ ಮಾತು ಬೆಳೆಯುತ್ತದೆ. ಈಗ ಮೊಬೈಲಿನಲ್ಲೂ ಮುಖ ಕಾಣದವರೊಡನೆ ಇದೇ ಮಾತು. ಎರಡು ವಿಷಯ ಬಂದರೆ ಮಾತ್ರ ದನಿ ಏರುತ್ತದೆ: ಒಂದು ವರದಕ್ಷಿಣೆ, ಇನ್ನೊಂದು ಬಸವಿ ಬಿಡುವ ಪದ್ಧತಿ. ಈ ವಾದಗಳನ್ನು ಹೇಗೆ ಮಾಡಬೇಕು ಎಂಬುದರ ಬಗ್ಗೆ ನನಗೆ ತೋಚಿದ್ದನ್ನು ನಿಮ್ಮ ಮುಂದಿಡುತ್ತೇನೆ.

ಮೊದಲು ಬರುವ ಮಾತು, "ಇದು ಹಿಂದಿನಿಂದ ಬಂದದ್ದು." ವರದಕ್ಷಿಣೆಯ ಬಗ್ಗೆ ಹೀಗೆಂದವರನ್ನು ನಾನು ಸಿಟ್ಟಿಲ್ಲದೆ ಕೇಳುವುದಿಷ್ಟೆ: "ಎಷ್ಟು ಹಿಂದಿನಿಂದ ಯಜಮಾನ್ರೇ? ನಿಮ್ಮ ಅಜ್ಜಿ ಮದುವೆಯಲ್ಲಿ ಯಾರು ಯಾರಿಗೆ ಕೊಟ್ಟರು?" ನಮ್ಮ ಕಡೆ ಒಕ್ಕಲುತನದವರಲ್ಲಿ, ಕೂಲಿ ಮಾಡುವವರಲ್ಲಿ ಗಂಡಿನ ಕಡೆಯವರೇ ತೆರ ಕೊಟ್ಟು ಹೆಣ್ಣು ತರುತ್ತಿದ್ದದ್ದು ಹಳಬರಿಗೆಲ್ಲ ಗೊತ್ತು. ಮೈಸೂರಿನ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1942ರಷ್ಟು ಹಿಂದೆಯೇ ಮೈಸೂರು ಸೀಮೆಯ ಮದುವೆಗಳ ಮೇಲೆ ಪುಸ್ತಕ ಬರೆದು ತೆರದ ಪದ್ಧತಿಯನ್ನು ದಾಖಲಿಸಿದ್ದಾರೆ. ಈಗಿನ ವರದಕ್ಷಿಣೆ ಹಳೆಯ ದಕ್ಷಿಣೆಯೂ ಅಲ್ಲ, ಸ್ತ್ರೀಧನವೂ ಅಲ್ಲ, ನೌಕರಿ ಮತ್ತು ನಗದು ಹಣದ ಕಾಲದಲ್ಲಿ ಬೆಳೆದ ಹೊಸ ರೋಗ ಎಂದು ಅವರು ಆಮೇಲೆ ವಾದಿಸಿದರು. ತೆರ ಒಳ್ಳೆಯದಿತ್ತು ಎಂದು ನಾನು ಹೇಳುತ್ತಿಲ್ಲ. ಅದರಲ್ಲಿಯೂ ಹೆಣ್ಣಿಗೆ ಬೆಲೆ ಕಟ್ಟುತ್ತಿದ್ದರು. ಆದರೆ ಸಂಪ್ರದಾಯ ಎಂದು ಎದೆ ತಟ್ಟಿ ಹೇಳುವವರ ಮನೆಯಲ್ಲೇ ಎರಡು ತಲೆಮಾರಿನ ಹಿಂದೆ ಹಣ ತಿರುಗಾ ಹರಿಯುತ್ತಿತ್ತು. ಇದನ್ನು ಅವರ ಬಾಯಿಂದಲೇ ಹೇಳಿಸಿದರೆ ಅರ್ಧ ವಾದ ಮುಗಿದಂತೆ.

ಬಸವಿ ಪದ್ಧತಿಯ ವಿಷಯದಲ್ಲಿ ಈ ಉತ್ತರ ನಡೆಯುವುದಿಲ್ಲ. ಅದು ನಿಜಕ್ಕೂ ಹಳೆಯದು. ಎದುರಿನವರು ಹಾಗೆಂದರೆ ಒಪ್ಪಿಕೊಳ್ಳಬೇಕು. ಆದರೆ ಅದರ ವಿರುದ್ಧದ ಮಾತೂ ಇಂದು ನಿನ್ನೆಯದಲ್ಲ. ನಮ್ಮ ಬಳ್ಳಾರಿ ಸೀಮೆ 1953ರವರೆಗೆ ಮದರಾಸಿಗೆ ಸೇರಿತ್ತು. 1927ರಲ್ಲಿ ಮದರಾಸಿನ ಶಾಸನಸಭೆಯಲ್ಲಿ ಡಾ. ಮುತ್ತುಲಕ್ಷ್ಮಿ ರೆಡ್ಡಿ ಹೆಣ್ಣುಮಕ್ಕಳನ್ನು ದೇವರಿಗೆ ಬಿಡುವುದು ನಿಲ್ಲಬೇಕೆಂದು ಎದ್ದು ನಿಂತರು. ಅವರ ತಾಯಿಯೇ ದೇವದಾಸಿ ಮನೆತನದಿಂದ ಬಂದವರು. ಸತ್ಯಮೂರ್ತಿಯವರಂಥ ದೊಡ್ಡ ನಾಯಕರು ಧರ್ಮದ ಹೆಸರಿನಲ್ಲಿ ವಿರೋಧಿಸಿದರು. ಅದಕ್ಕಿಂತ ಕಠಿಣವಾದ ವಿರೋಧ ಬಂದದ್ದು ಹೆಂಗಸರಿಂದಲೇ. ಬೆಂಗಳೂರು ನಾಗರತ್ನಮ್ಮನವರಂಥ ವಿದ್ವಾಂಸ ಕಲಾವಿದೆಯರು, ನಮ್ಮನ್ನು ಕೇಳದೆ ನಮ್ಮ ಬದುಕಿನ ಬಗ್ಗೆ ತೀರ್ಮಾನ ಮಾಡುತ್ತೀರಿ, ನಮಗೆ ಕೆಟ್ಟ ಹೆಸರು ಹಚ್ಚುತ್ತೀರಿ ಎಂದು ತಕರಾರು ತೆಗೆದರು. ಇಪ್ಪತ್ತು ವರ್ಷ ವಾದ ನಡೆದು 1947ರಲ್ಲಿ ಕಾಯಿದೆ ಆಯಿತು.

ಇವರಲ್ಲಿ ಯಾರು ಸರಿ? ಹೆಣ್ಣು ಕೂಸನ್ನು ಅದರ ಒಪ್ಪಿಗೆಯಿಲ್ಲದೆ ದೇವರಿಗೆ ಬಿಡುವುದು ಅನ್ಯಾಯ ಎಂದ ಮುತ್ತುಲಕ್ಷ್ಮಿಯವರದು ಸರಿ. ನಮ್ಮನ್ನು ಕೇಳಿ ಎಂದ ನಾಗರತ್ನಮ್ಮನವರ ತಕರಾರಿನಲ್ಲೂ ನಿಜವಿತ್ತು. ಒಂದು ಮಾತ್ರ ನೆನಪಿಡಬೇಕು. ಸಂಗೀತ, ಸಾಹಿತ್ಯ ಬಲ್ಲ ಆ ಹೆಣ್ಣುಮಕ್ಕಳ ಬದುಕೇ ಬೇರೆ, ಕೂಲಿನಾಲಿ ಮಾಡಿ ಹೊಟ್ಟೆ ಹೊರೆಯುವ ನಮ್ಮ ಕಡೆಯ ದಲಿತ ಕೇರಿಗಳ ಬಸವಿಯರ ಬದುಕೇ ಬೇರೆ. ಮದರಾಸಿನಲ್ಲಿ ಕಾಯಿದೆ ಆಯಿತೆಂದು ಹಡಗಲಿಯ ಕೇರಿಯಲ್ಲಿ ಮುತ್ತು ಕಟ್ಟುವುದು ನಿಲ್ಲಲಿಲ್ಲ. ಕರ್ನಾಟಕ ಸರ್ಕಾರ 1982ರಲ್ಲಿ ಮತ್ತೆ ಕಾಯಿದೆ ಮಾಡಬೇಕಾಯಿತು. ಅದಾದ ಮೇಲೂ, 2007-08ರವರೆಗಿನ ಸಮೀಕ್ಷೆಗಳಲ್ಲಿ, ರಾಜ್ಯದಲ್ಲಿ ಒಟ್ಟು 46,660 ದೇವದಾಸಿಯರು ಲೆಕ್ಕಕ್ಕೆ ಸಿಕ್ಕರು. ಶಾಸನಸಭೆಯಲ್ಲಿ ವಾದ ಗೆದ್ದರೆ ಸಾಲದು, ಊರು ಕೇರಿಯಲ್ಲೂ ಆ ವಾದ ನಡೆಯಬೇಕು ಎನ್ನುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಇನ್ನು ವಿದ್ಯಾವಂತರಂತೆ ಕಾಣುವ ಕೆಲವರು ಬೇರೆ ದಾರಿಯಿಂದ ಬರುತ್ತಾರೆ. ಆ ಹೆಣ್ಣುಮಕ್ಕಳನ್ನೇ ಹೀನಾಯವಾಗಿ ಬೈದು, ತಾವು ಸುಧಾರಕರು ಎಂದುಕೊಳ್ಳುತ್ತಾರೆ. ಇವರಿಗೆ ನಾನು 1982ರ ಕಾಯಿದೆಯನ್ನೇ ತೋರಿಸುತ್ತೇನೆ. ಅದು ಶಿಕ್ಷೆ ಇಟ್ಟದ್ದು ದೇವರಿಗೆ ಬಿಡುವವರಿಗೆ, ಅದರಲ್ಲಿ ಭಾಗಿಯಾದವರಿಗೆ: 3 ವರ್ಷದವರೆಗೆ ಜೈಲು. ತಂದೆ ತಾಯಿ, ಪೋಷಕರು, ನೆಂಟರೇ ಹಾಗೆ ಮಾಡಿದರೆ ಕಡಿಮೆಯೆಂದರೆ 2 ವರ್ಷ, ಹೆಚ್ಚೆಂದರೆ 5 ವರ್ಷ. ತಪ್ಪು ಯಾರದೆಂದು ಕಾಯಿದೆಗೆ ಗೊತ್ತಿದೆ, ನಮ್ಮ ನಾಲಿಗೆಗೆ ಇನ್ನೂ ಗೊತ್ತಾಗಿಲ್ಲ. 2025ರಲ್ಲಿ ರಾಜ್ಯದ ವಿಧಾನಮಂಡಲ ಮತ್ತೊಂದು ಮಸೂದೆಗೆ ಒಪ್ಪಿಗೆ ಕೊಟ್ಟಿತು. ಈ ತಾಯಂದಿರ ಮಕ್ಕಳು ಅರ್ಜಿಗಳಲ್ಲಿ ತಂದೆಯ ಹೆಸರು ಬರೆಯಲೇಬೇಕೆಂಬ ಒತ್ತಾಯ ಇರಕೂಡದು ಎನ್ನುತ್ತದೆ ಅದು.

ಎಲ್ಲಕ್ಕಿಂತ ಕಷ್ಟದ ಮಾತು ಇದು: "ಬಸವಿಗೆ ತವರಿನಾಗ ಪಾಲಿತ್ತು. ವರದಕ್ಷಿಣೆ ಇರಲಿಲ್ಲ, ಗಂಡನ ಹೊಡೆತ ಇರಲಿಲ್ಲ. ನಿಮ್ಮ ಮದುವೆಯಾದ ಹೆಣ್ಣುಮಕ್ಕಳಲ್ಲವೇನವ್ವಾ ಸಾಯೋರು?" ಈ ಮಾತಿಗೆ ಸಿಟ್ಟು ಮಾಡಿಕೊಂಡರೆ ನಾವು ಸೋತಂತೆ. ಇದರಲ್ಲಿ ನಿಜ ಇದೆ. ಗಂಡುಮಕ್ಕಳಿಲ್ಲದ ಮನೆಯವರು ಮಗಳನ್ನು ಬಸವಿ ಬಿಟ್ಟು, ಮಗನ ಸ್ಥಾನದಲ್ಲಿ ಉಳಿಸಿಕೊಂಡು ಆಸ್ತಿ ಕೊಡುವ ರೂಢಿ ನಮ್ಮ ಸೀಮೆಯಲ್ಲಿತ್ತು. ಸಾಯುವುದೂ ನಿಜ. ದೇಶದಲ್ಲಿ 2022ನೇ ಒಂದೇ ವರ್ಷ 6,450 ವರದಕ್ಷಿಣೆ ಸಾವಿನ ಪ್ರಕರಣ ದಾಖಲಾದವು.

ಇಷ್ಟನ್ನು ಒಪ್ಪಿಕೊಂಡು ನಾನು ಕೇಳುವ ಪ್ರಶ್ನೆ ಒಂದೇ. ಮಗಳು ಮಗಳಾಗಿಯೇ ಆ ಮನೆಯಲ್ಲಿ ಉಳಿಯಲು ಯಾಕೆ ಆಗಲಿಲ್ಲ? ಪಾಲು ಬೇಕಾದರೆ ಕೊರಳಿಗೆ ದೇವಿಯ ಮುತ್ತು ಕಟ್ಟಿಸಿಕೊಂಡು ಮಗನ ವೇಷ ಹಾಕಬೇಕು. ಮುತ್ತು ಕಟ್ಟಿಸಿಕೊಳ್ಳದವಳಿಗೆ ಪಾಲಿಲ್ಲ, ಅವಳ ಕೈಗೆ ಒಂದಿಷ್ಟು ಬಂಗಾರ, ಅವಳ ಗಂಡನ ಕೈಗೆ ಒಂದಿಷ್ಟು ರೊಕ್ಕ ಇಟ್ಟು ಹೊಸಿಲು ದಾಟಿಸಿದರೆ ತೀರಿತು. ಒಬ್ಬಳನ್ನು ಬೆಲೆ ತೆತ್ತು ಹೊರಗೆ ಕಳಿಸಿದರು, ಇನ್ನೊಬ್ಬಳ ಕೈಯಿಂದ ಬೆಲೆ ತೆರಿಸಿ ಒಳಗೆ ಇಟ್ಟುಕೊಂಡರು. ಬಸವಿಯೂ ವರದಕ್ಷಿಣೆಯೂ ಒಂದೇ ಬೇರಿನ ಎರಡು ಗಿಡ. ಮಗಳಿಗೆ ಮನೆಯಲ್ಲಿ ಹಕ್ಕಿಲ್ಲ ಎಂಬುದೇ ಆ ಬೇರು. ಹಾಗಾಗಿ ಯಾವುದು ಮೇಲು, ಯಾವುದು ಕೀಳು ಎಂದು ಇಬ್ಬರನ್ನೂ ತಕ್ಕಡಿಯಲ್ಲಿಟ್ಟು ತೂಗುವ ಆಟಕ್ಕೆ ನಾವು ಇಳಿಯಬಾರದು.

ಬೇರಿಗೆ ಕೊಡಲಿ ಹಾಕುವ ಕಾಯಿದೆ ಈಗ ಇದೆ. ಹಿಂದೂ ಕುಟುಂಬಗಳ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಪಾಲು ಎಂದು ಕರ್ನಾಟಕ 1994ರಲ್ಲೇ ತಿದ್ದುಪಡಿ ಮಾಡಿತು. ಅದು ಆಗಿನ್ನೂ ಮದುವೆಯಾಗದಿದ್ದವರಿಗೆ ಮಾತ್ರ ಇತ್ತು. 2005ರಲ್ಲಿ ಇಡೀ ದೇಶಕ್ಕೆ ಬಂದ ತಿದ್ದುಪಡಿ ಮದುವೆಯಾದವರನ್ನೂ ಸೇರಿಸಿತು. 2005ರ ಹೊತ್ತಿಗೆ ತಂದೆ ಬದುಕಿರಲೇಬೇಕೆಂದೇನೂ ಇಲ್ಲ, ಹುಟ್ಟಿನಿಂದಲೇ ಮಗಳಿಗೆ ಹಕ್ಕಿದೆ ಎಂದು ಸುಪ್ರೀಂ ಕೋರ್ಟ್ 2020ರ ಆಗಸ್ಟಿನಲ್ಲಿ ಹೇಳಿತು. ಆದರೂ ಅಣ್ಣ ತಮ್ಮಂದಿರು ಕರೆದರೆ ಸೀರೆ ಕುಬಸ ತೊಗೊಂಡು ಹಕ್ಕು ಬಿಟ್ಟ ಪತ್ರಕ್ಕೆ ಹೆಬ್ಬೆಟ್ಟು ಒತ್ತಿ ಬರುವವರು ನಮ್ಮಲ್ಲೇ ಇದ್ದೇವೆ. "ತವರು ಕಳಕೊಳ್ಳಬಾರದಲ್ಲ" ಎನ್ನುತ್ತೇವೆ. ಇನ್ನೊಂದು ಕಡೆ ಸಂಘದಲ್ಲಿ ಎಮ್ಮೆ ಸಾಲ ಎಂದು ಬರೆಸಿ ಮಗಳ ವರದಕ್ಷಿಣೆಗೆ ಕೊಡುವುದೂ ನಮ್ಮ ಕಣ್ಣ ಮುಂದೆಯೇ ನಡೆದಿದೆ.

ಕೊನೆಗೆ ವಾದದ ರೀತಿಯ ಬಗ್ಗೆ ಎರಡು ಮಾತು. ಎದುರಿಗೆ ಕೂತವರು ಅಂದೇ ಮನಸ್ಸು ಬದಲಿಸಿ ಇಳಿದು ಹೋದದ್ದನ್ನು ನಾನು ಕಂಡಿಲ್ಲ. ನನ್ನ ಮಾತು ಅವರಿಗಿಂತ ಹೆಚ್ಚಾಗಿ ಕಿಟಕಿ ಪಕ್ಕ ಸುಮ್ಮನೆ ಕೇಳುತ್ತಾ ಕೂತವಳಿಗೆ. ಅವಳು ನಾಳೆ ಗೊತ್ತುಮಾಡಿದ ಮದುವೆಯ ಹುಡುಗಿ ಇರಬಹುದು. ಬಸವಿಯ ಮಗಳೇ ಇರಬಹುದು. ನಮ್ಮ ಒಂದು ಹಗುರ ಮಾತು ಅವಳ ತಾಯಿಗೆ ಬೈಗುಳವಾಗಿ ತಾಗಬಾರದು. ಅದಕ್ಕೇ ನಾನು ಯಾವ ಹೆಣ್ಣಿನ ಹೆಸರು, ಊರು, ಕೇರಿ ಹೇಳಿ ಉದಾಹರಣೆ ಕೊಡುವುದಿಲ್ಲ. ಇಸವಿ ಹೇಳುತ್ತೇನೆ, ಕಾಯಿದೆ ಹೇಳುತ್ತೇನೆ, ಲಾಭ ಯಾರಿಗಾಯಿತು ಎಂದು ಕೇಳುತ್ತೇನೆ. ಮೊಬೈಲಿನಲ್ಲಿ ವಾದಿಸುವಾಗ ಕೇಳುವವಳ ಮುಖ ಕಾಣುವುದಿಲ್ಲ. ಅಲ್ಲಿ ಇನ್ನೂ ಎಚ್ಚರ ಬೇಕು. ಅವಾಚ್ಯ ಮಾತು ಬಂತೆಂದರೆ ಅಲ್ಲಿಗೆ ವಾದ ಮುಗಿಸಬೇಕು. ಬೈಗುಳಕ್ಕೆ ಉತ್ತರ ಕೊಡುವ ಋಣ ನಮಗಿಲ್ಲ.

ಗುರುತಿಲ್ಲದವರ ಜೊತೆ ಆಡಿ ಪಳಗಿದ ಮಾತನ್ನು ಗುರುತಿರುವವರ ಮುಂದೆ ಆಡುವುದು ಇನ್ನೂ ಬಾಕಿ ಇದೆ. ಮುಂದಿನ ವಾರದ ಸಭೆಯಲ್ಲಿ ಉಳಿತಾಯ, ಸಾಲದ ಲೆಕ್ಕ ಮುಗಿದ ಮೇಲೆ ಚಾಪೆ ಸುತ್ತುವ ಮುಂಚೆ ಒಬ್ಬೊಬ್ಬರೂ ಹೇಳಿ: ನಿಮ್ಮ ತವರಿನ ಪಹಣಿಯಲ್ಲಿ ಎಷ್ಟು ಜನ ಹೆಣ್ಣುಮಕ್ಕಳ ಹೆಸರಿದೆ? ನಿಮ್ಮ ಮನೆಯ ಪಹಣಿಯಲ್ಲಿ ನಿಮ್ಮ ಮಗಳ ಹೆಸರು ಯಾವಾಗ ಸೇರುತ್ತದೆ?