ಸೀಸೆಯ ಮೇಲೆ ಬರೆಯದ ಮಾತು

ಅರಸೀಕೆರೆಯ ಕೊಬ್ಬರಿ ಮಂಡಿಯಲ್ಲಿ ದಿನವಿಡೀ ಮೂಟೆ ಹೊತ್ತ ಹಮಾಲಿ ಸಂಜೆ ಒಂದು 'ನೈಂಟಿ' ಪ್ಯಾಕೆಟ್ಟು ಕೊಳ್ಳುತ್ತಾನೆ. ಮೈಕೈ ನೋವಿಗೆ ಅದೇ ಮದ್ದೆಂದು ಅವನ ನಂಬಿಕೆ. ಮದ್ಯಪಾನ ಆರೋಗ್ಯಕ್ಕೆ ಹಾನಿಕರ, ಕುಡಿದು ವಾಹನ ಓಡಿಸಬೇಡಿ ಎಂದು ಅದರ ಮೇಲೆ ಅಚ್ಚಾಗಿದೆ. ಸೈಕಲ್ಲೂ ಇಲ್ಲದವನಿಗೆ ಈ ಉಪದೇಶ! ಕ್ಯಾನ್ಸರ್ ಎಂಬ ಶಬ್ದ ಮಾತ್ರ ಅಲ್ಲಿಲ್ಲ.

ಇದೇನು ನಿನ್ನೆ ಮೊನ್ನೆ ತಿಳಿದ ಸಂಗತಿಯೇ? ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 1988ರಲ್ಲಿಯೇ ಮದ್ಯವನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲನೆಯ ಗುಂಪಿಗೆ, ತಂಬಾಕಿನ ಸಾಲಿಗೆ, ಸೇರಿಸಿತು. ಕುಡಿದ ಮದ್ಯಸಾರ ದೇಹದೊಳಗೆ ಅಸೆಟಾಲ್ಡಿಹೈಡ್ ಎಂಬ ವಿಷವಾಗಿ ಜೀವಕೋಶಗಳನ್ನು ಕೆಡಿಸುತ್ತದೆ. ಬಾಯಿ, ಗಂಟಲು, ಅನ್ನನಾಳ, ಯಕೃತ್ತು, ದೊಡ್ಡ ಕರುಳು, ಹೆಂಗಸರ ಸ್ತನ, ಇಷ್ಟಕ್ಕೂ ಅಪಾಯ. ಜೊತೆಗೆ ಬೀಡಿಯೂ ಇದ್ದರೆ ಬಾಯಿ ಗಂಟಲುಗಳ ಅಪಾಯ ಎಷ್ಟೋ ಪಟ್ಟು ಹೆಚ್ಚುತ್ತದೆ. ಇಷ್ಟು ಕುಡಿದರೆ ಬಾಧಕವಿಲ್ಲ ಎನ್ನುವ ಅಳತೆಯೇ ಇಲ್ಲವೆಂದು 2023ರಲ್ಲಿ ಅದೇ ಸಂಸ್ಥೆ ಸಾರಿತು. ಕಡಿಮೆ ಮಾಡಿದಷ್ಟೂ ಅಪಾಯ ಕಡಿಮೆ.

ಅಗ್ಗದ ಸರಕು ಕೆಟ್ಟದ್ದು, ದುಬಾರಿಯದು ಒಳ್ಳೆಯದು ಎಂಬ ಭ್ರಮೆ ನಮ್ಮ ಅಂಗಡಿಕಾರ ಮಿತ್ರರಲ್ಲೂ ಇದೆ. ಬೇಲೂರು ಹಳೇಬೀಡು ನೋಡಲು ಬರುವ ಸಾಹುಕಾರನ ವಿಸ್ಕಿಯಲ್ಲಿರುವುದೂ ಅದೇ ಮದ್ಯಸಾರ. ದೇಶದಲ್ಲಿ ಸಮಾನತೆ ಬಂದಿದ್ದರೆ ಇಲ್ಲಿ ಬಂದಿದೆ! ರೋಗ ತಗುಲಿದ ಮೇಲೆ ಅದೂ ಉಳಿಯದು. ಸಾಹುಕಾರ ಮೊದಲ ವಾರವೇ ತಜ್ಞರನ್ನು ಕಾಣುತ್ತಾನೆ. ನಮ್ಮವನು ಬಾಯಿಹುಣ್ಣಿಗೆ ಅರಿಸಿನ ಹಚ್ಚಿ ತಿಂಗಳುಗಟ್ಟಲೆ ಕಾದು, ಅನ್ನ ನುಂಗಲಾರದ ದಿನ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆಂದು ರೈಲು ಹತ್ತುತ್ತಾನೆ. ಕೂಲಿ ಹೋಯಿತು, ಸಾಲ ಬೆಳೆಯಿತು.

ಸರಕಾರ 2007ರಲ್ಲಿ ಸಾರಾಯಿಯನ್ನು ನಿಷೇಧಿಸಿ ಬೆನ್ನು ತಟ್ಟಿಕೊಂಡಿತು. 2025-26ರ ಆಯವ್ಯಯದಲ್ಲಿ ಅಬಕಾರಿಯಿಂದ ಅದು ಇಟ್ಟುಕೊಂಡ ಗುರಿ 40,000 ಕೋಟಿ ರೂಪಾಯಿ! ಪೂರ್ಣ ಪಾನನಿರೋಧ ಮಾಡಿರೆಂದು ನಾವು ಕೇಳುತ್ತಿಲ್ಲ; ಕಾಗದದ ಮೇಲಿನ ನಿರೋಧದಿಂದ ಕಳ್ಳಭಟ್ಟಿಯವನು ಉದ್ಧಾರವಾಗುತ್ತಾನೆ, ಅಷ್ಟೆ. ಕೊಳ್ಳುವವನಿಗೆ ಸತ್ಯ ಹೇಳಿ ಎನ್ನುತ್ತೇವೆ. ಐರ್ಲೆಂಡ್ ದೇಶ ಸೀಸೆಯ ಮೇಲೆ ಕ್ಯಾನ್ಸರ್ ಎಚ್ಚರಿಕೆ ಇರಬೇಕೆಂದು 2023ರಲ್ಲಿ ನಿಯಮ ಮಾಡಿತು. ವ್ಯಾಪಾರದ ನೆಪ ಹೇಳಿ ಅದನ್ನು 2028ಕ್ಕೆ ಮುಂದೂಡಿದ್ದಾರೆ. ಬಂಡವಾಳದ ಕೈ ಅಲ್ಲೂ ಉದ್ದವೇ.

ನಮ್ಮಲ್ಲಿ ಆ ಎಚ್ಚರಿಕೆ ದಪ್ಪ ಕನ್ನಡ ಅಕ್ಷರದಲ್ಲಿ ಬರಲಿ. ಅಬಕಾರಿ ಹಣದ ಒಂದು ಪಾಲು ಅರಸೀಕೆರೆ, ಬೇಲೂರು ತಾಲ್ಲೂಕು ಆಸ್ಪತ್ರೆಗಳಲ್ಲಿ ದುಡಿಯುವವರ ಬಾಯಿ, ಗಂಟಲು ಪರೀಕ್ಷೆಗೆ ಮೀಸಲಾಗಲಿ. ಕೂಲಿ ಕಳೆಯದಂತೆ ಸಂಜೆ ಹೊತ್ತಿನಲ್ಲಿ ನಡೆಯಲಿ. ಅಲ್ಲಿಯವರೆಗೆ, ಬಂಧುಗಳೇ, ಮೂರು ವಾರವಾದರೂ ಮಾಯದ ಬಾಯಿಹುಣ್ಣನ್ನು ವೈದ್ಯರಿಗೆ ತೋರಿಸಿ, ಅರಿಸಿನ ಹಚ್ಚಿ ಕೂರಬೇಡಿ.