ಕೊನೆಯ ಪರೀಕ್ಷೆಯ ಕೈಯಲ್ಲಿ ಎಷ್ಟಿದೆ?

ಕಡೂರು, ತರೀಕೆರೆ, ಅಜ್ಜಂಪುರದ ವಿದ್ಯಾರ್ಥಿಗಳು ವರ್ಷದ ಕೊನೆಗೆ ಕೇಳುವ ಪ್ರಶ್ನೆ ಒಂದೇ: ಇನ್ನು ಓದಿದರೆ ದರ್ಜೆ ಏರೀತೆ? ಪ್ರಶ್ನೆ ಸಣ್ಣದಲ್ಲ. ಮಳೆಯನ್ನು ನೆಚ್ಚಿದ ಕಡೂರಿನ ಬಯಲಾಗಲಿ, ತರೀಕೆರೆಯ ಅಡಕೆತೋಟವಾಗಲಿ, ಅಜ್ಜಂಪುರದ ಈರುಳ್ಳಿ ಹೊಲವಾಗಲಿ, ಒಂದು ಅಂಕಪಟ್ಟಿಯನ್ನು ನೆಚ್ಚಿ ಕುಳಿತ ಮನೆಗಳು ಎಲ್ಲೆಡೆಯೂ ಉಂಟು. ಆದರೆ ಈ ಪ್ರಶ್ನೆಗೆ ನಾವು ಹಿರಿಯರು ಕೊಡುವ ಉತ್ತರಗಳು ಎರಡೇ. ‘ಮನಸ್ಸಿಟ್ಟು ಓದು, ಎಲ್ಲ ಆಗುತ್ತದೆ’ ಎಂಬುದೊಂದು. ‘ಇನ್ನೇನು ಓದೀಯೆ, ಕಾಲ ಮಿಂಚಿತು’ ಎಂಬುದು ಇನ್ನೊಂದು. ಮೊದಲನೆಯದು ಹರಕೆ, ಎರಡನೆಯದು ಶಾಪ. ಮಗುವಿಗೆ ಬೇಕಾದುದು ಲೆಕ್ಕ.

ಆ ಲೆಕ್ಕ ಕಠಿನವೂ ಅಲ್ಲ. ದ್ವಿತೀಯ ಪಿಯುಸಿಯಲ್ಲಿ ಪ್ರಾಯೋಗಿಕ ಪರೀಕ್ಷೆಯಿಲ್ಲದ ವಿಷಯಗಳಿಗೆ 2023-24ರಿಂದ ಲಿಖಿತ ಪರೀಕ್ಷೆಗೆ 80, ಆಂತರಿಕ ಮೌಲ್ಯಮಾಪನಕ್ಕೆ 20 ಅಂಕ. ಬೇಕಾದ ಮೊತ್ತದಿಂದ ಈಗಾಗಲೇ ಕೈಸೇರಿದ್ದನ್ನು ಕಳೆದರೆ, ಉಳಿದದ್ದು ಕೊನೆಯ ಪರೀಕ್ಷೆಯಲ್ಲಿ ಗಳಿಸಬೇಕಾದ ಪಾಲು. ವಿಷಯವೊಂದರಲ್ಲಿ 60 ಬೇಕೆನ್ನೋಣ. ಆಂತರಿಕದಲ್ಲಿ 18 ಪಡೆದವನಿಗೆ 80ಕ್ಕೆ 42 ಸಾಕು; 8 ಪಡೆದವನಿಗೆ 52 ಬೇಕು. ಇಷ್ಟನ್ನು ಶ್ರಮದಿಂದ ತುಂಬಬಹುದು. ಆದರೆ ಗುರಿ 85 ಆದಾಗ ಮಾತು ಬೇರೆ. ಮೊದಲನೆಯವನಿಗೆ 67 ಸಾಕಾದರೆ ಎರಡನೆಯವನಿಗೆ 77 ಬೇಕು. ಇಡೀ ಪತ್ರಿಕೆಯಲ್ಲಿ ಮೂರೇ ಅಂಕ ಕಳೆದುಕೊಳ್ಳುವ ಸ್ವಾತಂತ್ರ್ಯ. 4 ಮಾತ್ರ ಪಡೆದವನಿಗಾದರೆ 81 ಬೇಕು. ಅಂಥ ಪತ್ರಿಕೆಯೇ ಇಲ್ಲ.

ಕೊನೆಯ ಪರೀಕ್ಷೆಯ ಪಾಲು ಕಡಿಮೆಯಾದಷ್ಟೂ ಅದರ ಬಲವೂ ಕಡಿಮೆ. 2021-22ರಲ್ಲಿ ರಾಜ್ಯದ ಪದವಿ ತರಗತಿಗಳಿಗೆ ಬಂದ ಪಠ್ಯಕ್ರಮದಲ್ಲಿ ಪರೀಕ್ಷೆಗೆ 60, ಆಂತರಿಕಕ್ಕೆ 40 ಎಂದಿತ್ತು. ಅಲ್ಲಿ ಆಂತರಿಕದಲ್ಲಿ 20 ಪಡೆದವಳು ಪರೀಕ್ಷೆಯಲ್ಲಿ ಒಂದಂಕವನ್ನೂ ಬಿಡದೆ ಬರೆದರೂ 80ನ್ನು ದಾಟಲಾರಳು. ಪ್ರಶ್ನೆಪತ್ರಿಕೆ ಕೈಗೆ ಬರುವ ಮುನ್ನವೇ ಆಕೆಯ ಎಲ್ಲೆ ಗೊತ್ತಾಗಿರುತ್ತಿತ್ತು. ಗೊತ್ತಿಲ್ಲದಿರುತ್ತಿದ್ದುದು ಆಕೆಗೆ ಮಾತ್ರ.

2024ರಲ್ಲಿ ಒಂದರ ಬದಲು ಮೂರು ಪರೀಕ್ಷೆಗಳ ಪದ್ಧತಿ ಬಂದು, ಬರೆದವುಗಳಲ್ಲಿ ಉತ್ತಮವಾದ ಅಂಕವೇ ಉಳಿಯುವಂತಾಯಿತು. ಒಂದು ದಿನದ ಜ್ವರ ಒಂದು ವರ್ಷವನ್ನು ನುಂಗದಂತೆ ತಡೆದ ಈ ಏರ್ಪಾಡು ಸ್ವಾಗತಾರ್ಹವೇ ಸರಿ. ಆದರೆ ವರ್ಷದುದ್ದಕ್ಕೂ ಮಾಡಬೇಕಾಗಿದ್ದ ಕೆಲಸವನ್ನು ಅದು ಮರಳಿ ತಂದುಕೊಡಲಾರದು. ಕಡೂರು ತಾಲ್ಲೂಕಿನ ಮದಗದ ಕೆರೆಯನ್ನು ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ: ಕೊನೆಯ ಮಳೆ ಕೆರೆಯನ್ನು ಕೋಡಿ ಹರಿಸಬಲ್ಲದು, ಮೊದಲ ಮಳೆಗಳ ನೀರು ಅಲ್ಲಿ ನಿಂತಿದ್ದರೆ.

ಆಂತರಿಕ ಅಂಕಗಳನ್ನು ಎಲ್ಲರಿಗೂ ಧಾರಾಳವಾಗಿ ಹಂಚುವಾಗ ಈ ಲೆಕ್ಕವೇಕೆ ಎಂದು ಕೆಲವರು ಕೇಳಿಯಾರು. ಹಾಗೆ ಹಂಚುವುದು ದಾನವಲ್ಲ, ದುಡಿದವನ ಪಾಲಿನ ಅಪಹರಣ. ಕೊಯ್ಲಿನ ದಿನಗಳಲ್ಲಿ ತಂದೆಯ ಜೊತೆ ಹೊಲಕ್ಕಿಳಿದು ಕಿರುಪರೀಕ್ಷೆ ತಪ್ಪಿಸಿಕೊಂಡ ಹುಡುಗನಿಗೆ ಸಲ್ಲಬೇಕಾದುದು ಬಿಟ್ಟಿ ಅಂಕವಲ್ಲ, ಆ ಪರೀಕ್ಷೆಯನ್ನು ಇನ್ನೊಮ್ಮೆ ಬರೆಯುವ ಅವಕಾಶ.

ಲೆಕ್ಕ ತಿಳಿದವನಿಗೆ ಸಮಯವನ್ನು ಹಂಚಿಕೊಳ್ಳುವುದೂ ತಿಳಿಯುತ್ತದೆ. ಪಿಯುಸಿಯ ಪ್ರಥಮ ದರ್ಜೆ ನಿಂತಿರುವುದು ಒಟ್ಟು 600ರಲ್ಲಿ 360ರ ಮೇಲೆ. ಆಗಲೇ 85ರ ಮಟ್ಟದಲ್ಲಿರುವ ವಿಷಯವನ್ನು 90ಕ್ಕೆ ಏರಿಸಲು ಹೆಣಗುವುದಕ್ಕಿಂತ, 40ರಲ್ಲಿ ತೂಗಾಡುವ ವಿಷಯವನ್ನು 55ಕ್ಕೆ ತರುವುದು ಹಲವೊಮ್ಮೆ ಸುಲಭ, ಫಲವೂ ಹೆಚ್ಚು.

ಆದುದರಿಂದ ನಮ್ಮ ಕಾಲೇಜುಗಳಲ್ಲಿ ಬೇಡುವುದು ಇಷ್ಟೆ: ಆಂತರಿಕ ಅಂಕಗಳನ್ನು ಜನವರಿಯೊಳಗೆ ಪ್ರತಿಯೊಬ್ಬ ವಿದ್ಯಾರ್ಥಿಗೂ ತೋರಿಸಲಿ, ಅದರ ಪಕ್ಕದಲ್ಲಿ, ಆತ ಬಯಸುವ ದರ್ಜೆಗೆ ಇನ್ನೆಷ್ಟು ಬೇಕೆಂದು ಬರೆದುಕೊಡಲಿ. ಒಂದು ಹಾಳೆಯ ಖರ್ಚು. ಆ ಹಾಳೆಯನ್ನು ಹಿಡಿದು ಮನೆಗೆ ಹೋದ ಮಗುವನ್ನು ಹರಕೆಯೂ ಮರುಳುಮಾಡದು, ಶಾಪವೂ ಕುಗ್ಗಿಸದು.